ಕಿರಿಯ ಮಗನ ಎಕೋ

ಕಾಳಿನ ಗೋದಾಮಿನಲ್ಲಿ ಹರಿದ ಚೀಲ ಹೊಲಿಯುವುದು ಅವಳ ಕೆಲಸ. ಅಲ್ಲೇ ಅವಳ ಇಬ್ಬರು ಗಂಡುಮಕ್ಕಳು ಮೂಟೆ ಹೊರುತ್ತಿದ್ದರು. ಹಿರಿಯವನಿಗೆ ಮೂವತ್ತೊಂದು ವರ್ಷ. ಕೆಲವು ದಿನಗಳಿಂದ ನಾಲ್ಕು ಮೂಟೆ ಹೊರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಒಮ್ಮೆ ಕಣ್ಣು ಕತ್ತಲೆ ಬಂದು ಕುಸಿದ. ಬಿಸಿಲಿಗೆ ಹೀಗಾಗಿರಬೇಕು ಎಂದು ತಾಯಿಯೇ ನೀರು ಕುಡಿಸಿ ಮತ್ತೆ ಕೆಲಸಕ್ಕೆ ಕಳಿಸಿದಳು. ಮೂರು ತಿಂಗಳ ನಂತರ, ಲಾರಿ ಹತ್ತಲು ಹಾಸಿದ ಹಲಗೆಯ ಮೇಲೆ ಮೂಟೆ ಸಮೇತ ಬಿದ್ದವನು ಏಳಲೇ ಇಲ್ಲ. ಚೀಲ ಹೊಲಿಯುವ ದಬ್ಬಳ ಹಿಡಿದುಕೊಂಡೇ ಅವಳು ಓಡಿದ್ದಳು.

ಕೆಲವು ವಾರಗಳ ಬಳಿಕ ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದರು.

"ಅಮ್ಮ, ಶವಪರೀಕ್ಷೆ ವರದಿ ಬಂದಿದೆ. ನಿಮ್ಮ ಮಗನ ಹೃದಯದ ಗೋಡೆ ತುಂಬಾ ದಪ್ಪ ಆಗಿತ್ತಂತೆ. ಒಡಹುಟ್ಟಿದವರಿಗೂ, ಮಕ್ಕಳಿಗೂ ಇದು ಇರಬಹುದು. ಕಿರಿಯವನಿಗೆ ಎಕೋ ಮಾಡಿಸಲೇಬೇಕು."

"ಅವನು ಗಟ್ಟಿಮುಟ್ಟಾಗಿದ್ದಾನೆ. ಸುಮ್ನೆ ಅವನ ತಲೆಗೆ ಹುಳ ಬಿಡಬೇಡಿ."

"ಹಿರಿಯವನೂ ಗಟ್ಟಿಮುಟ್ಟಾಗೇ ಇದ್ದನಲ್ಲಮ್ಮ."

ತಾಯಿ ಮುಖ ತಿರುಗಿಸಿದಳು. ಅಲ್ಲೇ ಕೂತಿದ್ದ ಕಿರಿಯವನೇ ಮಾತಾಡಿದ. "ಹೋದ ತಿಂಗಳು ಬಿ.ಪಿ. ನೋಡಿದ್ರು ಸಿಸ್ಟರ್. ಸರಿ ಇದೆ ಅಂದ್ರು."

"ಬಿ.ಪಿ.ಯಲ್ಲಿ ಇದು ಗೊತ್ತಾಗಲ್ಲಪ್ಪ. ಎಕೋದಲ್ಲಿ ಹೃದಯ ಬಡಿಯೋದೇ ಪರದೆ ಮೇಲೆ ಕಾಣುತ್ತೆ. ಗೋಡೆ ಎಷ್ಟು ದಪ್ಪ ಇದೆ, ಕವಾಟ ಸರಿಯಾಗಿ ಮುಚ್ಚುತ್ತಾ, ರಕ್ತ ಸಲೀಸಾಗಿ ಹರಿಯುತ್ತಾ, ಎಲ್ಲ ನೋಡಬಹುದು."

"ಸೂಜಿ ಚುಚ್ತಾರಾ?" ತಾಯಿ ಕೇಳಿದಳು.

"ಇಲ್ಲಮ್ಮ. ಬಸುರಿಯರಿಗೆ ಸ್ಕ್ಯಾನ್ ಮಾಡ್ತಾರಲ್ಲ, ಹಾಗೇ. ಎದೆಗೆ ಜೆಲ್ ಹಚ್ಚಿ ನೋಡ್ತಾರೆ. ಅರ್ಧ ಗಂಟೆ ಸಾಕು."

"ಇವನಿಗೂ ಇದೆ ಅಂದುಬಿಟ್ರೆ? ಅದನ್ನ ಕೇಳೋ ಶಕ್ತಿ ನನಗಿಲ್ಲ."

"ಕೇಳದೇ ಇದ್ರೆ ಕಾಯಿಲೆ ಹೋಗಿಬಿಡುತ್ತಾ ಅಮ್ಮ?"

ಆಗ ತಾಯಿ ಯಾರಿಗೂ ಹೇಳದಿದ್ದದ್ದನ್ನು ಹೇಳಿದಳು. "ಅವತ್ತು ಅವನು ಕುಸಿದಾಗ ನಾನೇ ವಾಪಸ್ ಕೆಲಸಕ್ಕೆ ಕಳಿಸಿದೆ."

ನರ್ಸ್ ಅವಳ ಕೈ ಹಿಡಿದರು. "ಅವತ್ತು ನಿಮಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಿದೆ."

ಮರುದಿನವೇ ಆಸ್ಪತ್ರೆಗೆ ಹೋದರು. ಮಂದ ಬೆಳಕಿನ ಕೋಣೆಯಲ್ಲಿ ಮಗ ಎಡ ಮಗ್ಗುಲಿಗೆ ಮಲಗಿದ. ಪರದೆಯ ಮೇಲೆ ಅವನ ಹೃದಯ ಬಡಿಯುತ್ತಿತ್ತು. ಡಾಕ್ಟರು ಅಳೆದರು, ಮತ್ತೊಮ್ಮೆ ಅಳೆದರು.

"ಇವರಿಗೂ ಇದೆ. ಮೂಟೆ ಹೊರೋದು ಇವತ್ತೇ ನಿಲ್ಲಬೇಕು. ದಿನಾ ಮಾತ್ರೆ ತಗೋಬೇಕು, ಹೇಳಿದಾಗೆಲ್ಲ ಬಂದು ಎಕೋ ಮಾಡಿಸಬೇಕು."

"ನನಗೆ ಬೇರೆ ಯಾವ ಕೆಲಸ ಬರುತ್ತೆ?" ಎಂದು ಅವನು ಗೋಡೆಯತ್ತ ತಿರುಗಿ ಅತ್ತ. ತಾಯಿ ಅವನ ಎದೆಯ ಮೇಲಿನ ಜೆಲ್ ಒರೆಸುತ್ತಾ ನಿಂತಳು.

ಈಗ ಅವನು ಅದೇ ಗೋದಾಮಿನಲ್ಲಿ ತಕ್ಕಡಿಯ ಮುಂದೆ ಕೂರುತ್ತಾನೆ. ಮನಸ್ಸಿಗೆ ಒಗ್ಗಿಲ್ಲ, ಆದರೂ ಕೂರುತ್ತಾನೆ. ಹಿರಿಯವನ ಮಗಳಿಗೆ ಐದು ವರ್ಷ. ಅಜ್ಜಿಯೇ ಮುಂದೆ ನಿಂತು ಅವಳಿಗೂ ಎಕೋ ಮಾಡಿಸಿದಳು. ಸದ್ಯಕ್ಕೆ ಏನೂ ಇಲ್ಲ, ಆದರೆ ಆಗಾಗ ನೋಡಿಸುತ್ತಿರಬೇಕು ಎಂದಿದ್ದಾರೆ.

ಇದನ್ನು ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಲಸ ಮಾಡುವಾಗ ಏದುಸಿರು, ಎದೆನೋವು ಬರುತ್ತಿದೆಯೇ? ಯಾರಾದರೂ ತಲೆಸುತ್ತಿ ಬಿದ್ದಿದ್ದಾರೆಯೇ? ಸಣ್ಣ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ತಡಮಾಡದೆ ಡಾಕ್ಟರ ಬಳಿ ಹೋಗಿ, "ನಮಗೆ ಎಕೋ ಬೇಕಾ?" ಎಂದು ಕೇಳಿ. ಎಕೋ ಎಂಬ ಮಾತು ಕಿವಿಗೆ ಬೀಳುವ ಹೊತ್ತಿಗೆ ಈ ತಾಯಿ ಒಬ್ಬ ಮಗನನ್ನು ಕಳೆದುಕೊಂಡಿದ್ದಳು. ನೀವು ಅಲ್ಲಿಯವರೆಗೆ ಕಾಯಬೇಡಿ.