ಒಂದೇ ಕಾಲಿನ ಹೊಳಪು

ಶುಕ್ರವಾರ ಬೆಳಿಗ್ಗೆ ಸಾನ್ ಫ್ರಾನ್ಸಿಸ್ಕೊ ಚೌಕದಲ್ಲಿ ರೋಮುಲೊ ಬಲಗಾಲನ್ನು ಪಾಲಿಶ್ ಪೆಟ್ಟಿಗೆಯ ಮೇಲಿಟ್ಟು ಪತ್ರಿಕೆ ಬಿಡಿಸಿದ. ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತ. ವಾರಕ್ಕೊಮ್ಮೆ ಅವನ ಕಪ್ಪು ಬೂಟು ಮುಖ ಕಾಣುವಂತೆ ಹೊಳೆಯಲೇಬೇಕು. ಎದುರಿಗೆ ಕುಕ್ಕರುಗಾಲಲ್ಲಿ ಕೂತವನ ಮುಖ ಮಾತ್ರ ಯಾರಿಗೂ ಕಾಣುವಂತಿರಲಿಲ್ಲ. ಕಣ್ಣಿಗಷ್ಟೇ ತೂತು ಬಿಟ್ಟ ಉಣ್ಣೆಯ ಮುಸುಕು ಅವನ ತಲೆಯಿಂದ ಕುತ್ತಿಗೆಯವರೆಗೆ ಇಳಿದಿತ್ತು. ಲಾ ಪಾಸ್‌ನಲ್ಲಿ ಬೂಟು ಉಜ್ಜುವವರು ಕೂರುವುದೇ ಹೀಗೆ. ಹೊಳೆಯುವ ಬೂಟು ಮರ್ಯಾದೆ, ಅದನ್ನು ಹೊಳೆಯಿಸುವುದು ಅವಮಾನ. ನಮ್ಮ ಊರಿನ ನ್ಯಾಯಕ್ಕೆ ಬೆಂಕಿ ಹಾಕಬೇಕು.

ಮುಸುಕಿನೊಳಗಿದ್ದವನು ಎವಾರಿಸ್ತೊ ಲಾರುತಾ. ಅವನ ಮಗಳು ಯೆಸೆನಿಯಾಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ಇದೇ ರೋಮುಲೊ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಂಪಾದ್ರೆ', ಅಂದರೆ ಮಗುವಿಗೆ ಜೊತೆತಂದೆ, ಎಂದೇ ಕರೆಯುತ್ತಿದ್ದರು. ಆದರೆ ಚೌಕದಲ್ಲಿ ಎವಾರಿಸ್ತೊ ತುಟಿ ಬಿಚ್ಚುತ್ತಿರಲಿಲ್ಲ. ದನಿಯ ಗುರುತು ಸಿಕ್ಕಿಬಿಟ್ಟರೆ ಎಂಬ ಭಯ. ಮನೆಯವರ ಪಾಲಿಗೂ ರೋಮುಲೊನ ಪಾಲಿಗೂ ಅವನು ಅಚ್ಚುಕೂಟದ ನೌಕರ. ಬೆರಳಿನ ಕಪ್ಪಿಗೆಲ್ಲ ಶಾಯಿಯ ನೆಪ. ಯೆಸೆನಿಯಾಳ ನರ್ಸಿಂಗ್ ಓದು ಮುಗಿದ ಸಂತೋಷಕ್ಕೆ ಮರುದಿನ ರೋಮುಲೊನ ಮನೆಯಲ್ಲಿ ಔತಣವಿತ್ತು. ಅವಳನ್ನು ಮದುವೆಯಾಗಲಿರುವ ಹುಡುಗನ ಮನೆಯವರೂ ಬರುವವರಿದ್ದರು.

ಎವಾರಿಸ್ತೊ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಹನಿ ನೀರು ತಾಕಿಸಿ, ಬೂಟಿನ ತುದಿಗೆ ಮೇಣವನ್ನು ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿದ. ಮಬ್ಬು ಕರಗಿ, ಆ ಕಪ್ಪಿನಲ್ಲಿ ಇಗರ್ಜಿಯ ಗೋಪುರ ಮೂಡಿತು.

"ಚೆನ್ನಾಗಿ ಉಜ್ಜಯ್ಯ, ನಾಳೆ ಮನೆಗೆ ದೊಡ್ಡೋರು ಬರ್ತಾರೆ," ಎಂದ ರೋಮುಲೊ. "ಅಲ್ಲ, ನಿಮಗೆಲ್ಲ ಈ ಮುಸುಕು ಯಾಕೆ? ಕಳ್ಳರಲ್ಲದೋರು ಮುಖ ಮುಚ್ಕೋತಾರಾ?"

ಪಕ್ಕದ ಪೆಟ್ಟಿಗೆಯ ಮುದುಕ ನೆಮೆಸಿಯೊ ಮುಸುಕಿನೊಳಗಿಂದಲೇ ನಕ್ಕ. "ನೀವು ಆಡ್ಕೊಳ್ಳೋದು ಬಿಡಿ ಸಾಹೇಬ್ರೆ, ನಾವು ಮುಸುಕು ಬಿಡ್ತೀವಿ."

ಅಷ್ಟರಲ್ಲಿ ಕೂಗೆದ್ದಿತು. ಮುಸುಕಿನ ಯುವಕನೊಬ್ಬ ಹೆಂಗಸೊಬ್ಬಳ ಕೈಚೀಲ ಕಿತ್ತುಕೊಂಡು ಇವರೆದುರೇ ಓಡಿಹೋದ. "ಅಗೋ, ಮೆಟ್ಟಿಲಿಳಿದ ನೋಡು!" ಎಂದು ರೋಮುಲೊನೇ ಬೆರಳು ತೋರಿಸಿದ. ಕಳ್ಳ ಮೆಟ್ಟಿಲ ಕೆಳಗಿನ ಸಂತೆಯ ಜನಜಂಗುಳಿಯಲ್ಲಿ ಮಾಯವಾದ.

ಓಡಿಬಂದ ಪೊಲೀಸಿನವನು ಕೈಗೆ ಸಿಕ್ಕ ಮುಸುಕಿಗೆ ಕೈ ಹಾಕಿದ. ಅದು ನೆಮೆಸಿಯೊನದು. "ಇವನೇ, ಇದೇ ಮುಸುಕು!" ಎಂದು ಚೀರಿದಳು ಹೆಂಗಸು. ಪೊಲೀಸಿನವನ ಎರಡೇಟಿಗೆ ಮುದುಕನ ಮುಸುಕು ಕಿತ್ತುಬಂದು ತುಟಿ ಒಡೆಯಿತು.

"ನಾನು ಕೂತಲ್ಲಿಂದ ಎದ್ದಿಲ್ಲ ಸ್ವಾಮಿ! ಈ ಸಾಹೇಬ್ರು ನೋಡಿದಾರೆ, ಕೇಳಿ!"

ರೋಮುಲೊ ಪತ್ರಿಕೆ ಮೇಲೆತ್ತಿದ. "ನಾನು ಪೇಪರ್ ಓದ್ತಿದ್ದೆ. ನಂಗೇನೂ ಗೊತ್ತಿಲ್ಲಪ್ಪ."

ಎವಾರಿಸ್ತೊನ ಮೈ ಹತ್ತಿ ಉರಿಯಿತು. "ಸುಳ್ಳು! ಕದ್ದೋನು ಕೆಳಗಡೆ ಓಡ್ದ. ನಾನು ನೋಡಿದೀನಿ."

"ಮುಖ ಇಲ್ಲದೋನ ಸಾಕ್ಷಿ ಯಾರಿಗೆ ಬೇಕೋ?" ಪೊಲೀಸಿನವನು ಗದರಿದ. "ಮುಸುಕು ತೆಗ್ದು ಹೆಸರು ಹೇಳು. ಇಲ್ದಿದ್ರೆ ಬಾಯಿ ಮುಚ್ಕೊಂಡಿರು."

ಎವಾರಿಸ್ತೊನ ಕೈ ಕುತ್ತಿಗೆಯ ಬಳಿ ನಿಂತುಹೋಯಿತು. ಔತಣ, ಬೀಗರು, ಮಗಳ ಮುಖ ಎಲ್ಲವೂ ಕಣ್ಮುಂದೆ ಬಂದವು. ಮುದುಕನ ಗಲ್ಲದಿಂದ ರಕ್ತ ಇಳಿಯುತ್ತಿತ್ತು. ಎವಾರಿಸ್ತೊ ತನ್ನ ಮುಸುಕನ್ನು ಒಂದೇ ಸಲಕ್ಕೆ ಕಿತ್ತು ತೆಗೆದ.

"ಎವಾರಿಸ್ತೊ ಲಾರುತಾ. ಬೂಟು ಉಜ್ಜೋನು. ಈ ಮುದುಕ ಕದ್ದಿಲ್ಲ. ಈಗ ನೀನು ಹೇಳು ಕೊಂಪಾದ್ರೆ. ಬೆರಳು ತೋರ್ಸಿದ್ದು ನೀನೇ ಅಲ್ವಾ? ನನ್ನ ಮುಖ ನೋಡ್ಕೊಂಡು ಹೇಳು."

ಪತ್ರಿಕೆ ರೋಮುಲೊನ ಕೈಜಾರಿತು. ಅವನು ಪೊಲೀಸಿನವನತ್ತ ತಿರುಗಿದ. "ಇವನಲ್ಲ. ಓಡಿದೋನು ಬೇರೆ. ನಾನೂ ನೋಡ್ದೆ."

ಟೈ ಕಟ್ಟಿದವನ ಮಾತಿಗೆ ಪೊಲೀಸಿನವನು ತಕ್ಷಣ ಕೈಬಿಟ್ಟ. ತಪ್ಪಾಯಿತೆಂದು ಅವನೂ ಅನ್ನಲಿಲ್ಲ, ಆ ಹೆಂಗಸೂ ಅನ್ನಲಿಲ್ಲ.

ಎವಾರಿಸ್ತೊ ತನ್ನ ಮುಸುಕನ್ನು ಮಡಿಸಿ ನೆಮೆಸಿಯೊನ ತುಟಿಯ ರಕ್ತಕ್ಕೆ ಒತ್ತಿ ಹಿಡಿದ.

"ಏನ್ಮಾಡ್ತಿದೀಯ? ಬೇಗ ಹಾಕ್ಕೊಳೋ ಅದನ್ನ," ರೋಮುಲೊ ಪಿಸುಗುಟ್ಟಿದ. "ಯಾರಾದ್ರೂ ನೋಡಿದ್ರೆ ಹುಡುಗಿ ಗತಿ ಏನು? ನಾನು ಯಾರ ಹತ್ರಾನೂ ಬಾಯ್ಬಿಡಲ್ಲ, ದೇವರಾಣೆ."

"ನೀನು ಬಾಯಿ ಬಿಡದೇ ಇದ್ದಿದ್ದಕ್ಕೇ ಈ ರಕ್ತ ಬಂದಿದ್ದು. ಮುಚ್ಕೊಬೇಕಾದ ಮುಖ ನಂದಲ್ಲ. ಮಗಳಿಗೆ ಇವತ್ತು ಸಾಯಂಕಾಲ ನಾನೇ ಹೇಳ್ತೀನಿ."

ರೋಮುಲೊ ತಲೆ ತಗ್ಗಿಸಿದ. ಇನ್ನೂ ಉಜ್ಜದೆ ಧೂಳು ಹಿಡಿದಿದ್ದ ಎಡಗಾಲನ್ನು ಮೆಲ್ಲಗೆ ಪೆಟ್ಟಿಗೆಯ ಮೇಲಿಟ್ಟ.

ಎವಾರಿಸ್ತೊ ಆ ಕಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟ.

"ಇದು ಹೀಗೇ ಇರ್ಲಿ. ನಾಳೆ ಔತಣದಲ್ಲಿ ಇದೇ ಬೂಟು ಹಾಕ್ಕೊಂಡು ಬಾಗಿಲಲ್ಲಿ ನಿಂತ್ಕೋ. ಒಂದು ಹೊಳೀತಿದೆ, ಇನ್ನೊಂದು ಯಾಕಿಲ್ಲ ಅಂತ ಕೇಳಿದೋರಿಗೆಲ್ಲ ನೀನೇ ಹೇಳು, ಕೊಂಪಾದ್ರೆ."