ಸಡಿಲಿಸಿದ ಸಮವಸ್ತ್ರ

ಯುದ್ಧದಲ್ಲಿ ಸೆರೆಸಿಕ್ಕ ಗಂಡನ ಸುದ್ದಿ ನಿಂತುಹೋಗಿ ವರ್ಷಗಳು ಉರುಳಿದರೂ ಹೊಲಿಗೆಯಕ್ಕ ಅವನು ಮನೆಯಲ್ಲಿ ಬಿಟ್ಟುಹೋಗಿದ್ದ ಸಮವಸ್ತ್ರವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿರಲಿಲ್ಲ. ವರ್ಷಕ್ಕೊಮ್ಮೆ ತೆಗೆದು, ಬಿಸಿಲು ತೋರಿಸಿ, ಸೊಂಟದ ಹೊಲಿಗೆ ಬಿಚ್ಚಿ ಒಂದಿಷ್ಟು ಸಡಿಲಿಸುತ್ತಿದ್ದಳು. ಕಾಲ ಯಾರನ್ನು ಬಿಟ್ಟಿದೆ? ಬದುಕಿರುವವನಿಗೆ ವಯಸ್ಸಾಗದೆ ಇರುತ್ತದೆಯೇ? ಒಳಮಡಿಕೆಯ ಬಟ್ಟೆ ಮುಗಿದಾಗ ಅದೇ ಬಣ್ಣದ ತುಂಡು ಹುಡುಕಿ ಸೇರಿಸಿದ್ದಳು.

"ಇನ್ನೂ ಸ್ವಲ್ಪ ಬಿಡೇ," ಎನ್ನುತ್ತಿದ್ದಳು ಅತ್ತೆ, ಮಂಚದಿಂದಲೇ. "ಇವನಪ್ಪನಿಗೆ ನಲವತ್ತಕ್ಕೇ ಕುಂಬಳಕಾಯಿಯಂಥ ಹೊಟ್ಟೆ."

"ಸೆರೆಮನೆ ಊಟಕ್ಕೆ ಹೊಟ್ಟೆ ಬರುತ್ತಾ ಅತ್ತೆ?"

"ಬಾಯಿ ಮುಚ್ಚು. ಕೂಡಿಹಾಕಿದೋರಿಗೂ ದೇವರು ಕರುಳು ಕೊಟ್ಟಿರ್ತಾನೆ."

ಹೀಗಿರುವಾಗ ಸ್ಮಾರಕ ಭವನದ ಕಾರ್ಯದರ್ಶಿ ಮನೆ ಹುಡುಕಿಕೊಂಡು ಬಂದ. ಕಾಣೆಯಾದವರ ಸಮವಸ್ತ್ರಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಾರಂತೆ. "ಜನ ನೋಡ್ತಾರಮ್ಮ. ನೋಡಿದೋರು ಕೇಳ್ತಾರೆ, ಕೇಳಿದ್ರೆ ಮೇಲಿನೋರು ಹುಡುಕಿಸ್ತಾರೆ," ಎಂದ. ಹುಡುಕುವ ಮಾತು ಕಿವಿಗೆ ಬಿದ್ದದ್ದೇ ಹೊಲಿಗೆಯಕ್ಕ ಇಸ್ತ್ರಿ ಹಾಕಿ, ಗುಂಡಿ ಬಿಗಿಮಾಡಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

ಭವನ ತೆರೆದ ದಿನ ಅವಳು ಗಾಜಿನ ಮುಂದೆ ಹೋಗಿ ನಿಂತಳು. ಒಳಗೆ ನಿಲ್ಲಿಸಿದ್ದ ಗೊಂಬೆ ಮೀಸೆ ಚಿಗುರದ ಹುಡುಗನದು. ಅಂಗಿ, ಷರಾಯಿ ಎರಡನ್ನೂ ಬೆನ್ನ ಹಿಂದೆ ಒಟ್ಟುಮಾಡಿ ಸಾಲಾಗಿ ಗುಂಡುಸೂಜಿ ಚುಚ್ಚಿದ್ದರು. ಪಾದದ ಬಳಿಯ ಫಲಕದಲ್ಲಿ ಗಂಡನ ಹೆಸರಿತ್ತು. ಹೆಸರಿನ ಹಿಂದೆ 'ಹುತಾತ್ಮ' ಎಂದಿತ್ತು.

"ಅಳತೇನೇ ಕೆಡಿಸಿಟ್ಟಿದ್ರಲ್ಲಮ್ಮ," ಎಂದ ಕಾರ್ಯದರ್ಶಿ. "ಸೂಜಿ ಹಾಕಿ ಮರ್ಯಾದೆ ಉಳಿಸಬೇಕಾಯ್ತು."

"ಹುತಾತ್ಮ ಅಂತ ಯಾರು ಹೇಳಿದ್ರು? ಹುಡುಕಿಸ್ತಾರೆ ಅಂದಿದ್ರಿ."

"ಎಲ್ಲಿ ಅಂತ ಹುಡುಕೋದು? ಕಾಣೆಯಾದವನಿಗೆ ಹಾರ ಹಾಕೋಕಾಗುತ್ತಾ? ಗೌರವ ಅಂದ್ರೆ ಹೀಗೇ."

"ಹಾಗಾದ್ರೆ ನನ್ನ ಬಟ್ಟೆ ನನಗೆ ಕೊಡಿ."

"ಈಗ ಅದು ದೇಶದ್ದು ತಾಯಿ." ಅವನು ಗಡಿಯಾರ ನೋಡಿಕೊಂಡು ವೇದಿಕೆಯತ್ತ ಓಡಿದ.

ಹೊಲಿಗೆಯಕ್ಕ ಹಿಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತಳು. ಭಾಷಣವೆಲ್ಲ ಮುಗಿದ ಮೇಲೆ ಧ್ವನಿವರ್ಧಕ ಗಂಡನ ಹೆಸರು ಹಿಡಿದು, ಆ ಹುತಾತ್ಮರ ಧರ್ಮಪತ್ನಿ ವೇದಿಕೆಗೆ ಬರಬೇಕೆಂದು ಕರೆಯಿತು. ಚಪ್ಪಾಳೆ ಬಿತ್ತು. ಅವಳು ಏಳಲಿಲ್ಲ. ಮತ್ತೊಮ್ಮೆ ಕರೆದರು. ತಲೆಗಳು ಅತ್ತಿತ್ತ ತಿರುಗಿದವು.

ಪಕ್ಕದಲ್ಲಿದ್ದ ಮುದುಕಿ ಮೆಲ್ಲಗೆ ಕೇಳಿದಳು: "ಆಯಮ್ಮ ಎಲ್ಲಿ ಕೂತಿದಾಳೆ ಮಗಳೇ?"

"ಬಂದಿಲ್ಲ ಅಜ್ಜಿ," ಎಂದಳು ಹೊಲಿಗೆಯಕ್ಕ. "ಅಂಥೋಳು ಯಾರೂ ಇಲ್ಲಿಗೆ ಬಂದಿಲ್ಲ."