ಕೈ ಮೂಸುವ ಸರಸ್ವತಿಬಾಯಿ

ಸರಸಂಬಾದ ಕುಲಕರ್ಣಿಯವರ ಮನೆಗೆ ಬಂದವರ ಮುಖವನ್ನು ಸರಸ್ವತಿಬಾಯಿ ಆಮೇಲೆ ನೋಡುತ್ತಿದ್ದಳು. ಮೊದಲು ಕೈ ಮೂಸುತ್ತಿದ್ದಳು. ನೆಂಟರ ಹೆಂಗಸರಿರಲಿ, ಅರಿಸಿನ ಕುಂಕುಮಕ್ಕೆ ಬಂದ ಮುತ್ತೈದೆಯರಿರಲಿ, ಆರು ವರ್ಷದ ಮಗಳು ಗೋದುವಿನ ಗಲ್ಲ ಮುಟ್ಟಬೇಕಾದರೆ ಹೊಸ್ತಿಲಲ್ಲಿ ನಿಂತು ಎರಡೂ ಅಂಗೈ ಚಾಚಬೇಕು. ಆಕೆ ಬಾಗಿ, ಕಣ್ಣು ಅರೆಮುಚ್ಚಿ, ಬೆರಳ ಸಂದಿಯವರೆಗೂ ಮೂಸಿ, "ಹೂಂ, ಬರ್ರಿ" ಅನ್ನುವ ತನಕ ಒಳಗೆ ಹೆಜ್ಜೆಯಿಡುವಂತಿರಲಿಲ್ಲ. ಗಂಡಸರ ಕೈ ಮೂಸುವುದು ಸಲ್ಲದಾದ್ದರಿಂದ ಅವರ ಮುಂದೆ ಒಂದು ತಂಬಿಗೆ ನೀರು, ಒಂದು ಹಿಡಿ ಒಲೆಬೂದಿ ಇಡುತ್ತಿದ್ದಳು. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನಮ್ಮ ಮನ್ಯಾಗ ಮಡಿ ಭಾಳ್ರಿ."

ಆಕೆಯದು ಸಣ್ಣ ಮೈಕಟ್ಟು. ವರ್ಷಗಟ್ಟಲೆ ಮಗಳನ್ನು ಎಡಸೊಂಟದ ಮೇಲೆ ಹೊತ್ತು ಹೊತ್ತು, ಕೂಸು ಇಳಿದು ಓಡಾಡತೊಡಗಿದ ಮೇಲೂ ಆ ಸೊಂಟ ಹೊರಗೇ ನಿಂತುಬಿಟ್ಟಿತ್ತು. ಬರಿಗೈಯಲ್ಲಿ ನಡೆದರೂ ತುಂಬಿದ ಕೊಡ ಹೊತ್ತವಳಂತೆ ಒಂದು ಬದಿಗೆ ವಾಲುತ್ತಿದ್ದಳು. ಸೀರೆಯ ಮೇಲೆ ಗಂಡ ವಾಮನರಾಯನ ಹಳೆಯ ಕರಿ ಕೋಟು. ಹೆಂಗಸು ಕೋಟು ಹಾಕುವುದುಂಟೇ ಎಂದು ಊರು ನಕ್ಕಿತು. ಆ ಕೋಟಿಗೆ ಎರಡು ಆಳವಾದ ಕಿಸೆಗಳಿದ್ದದ್ದನ್ನು ನಕ್ಕವರು ಗಮನಿಸಿರಲಿಲ್ಲ. ಒಂದರಲ್ಲಿ ತೊಳೆದ ಬಟ್ಟೆಯಲ್ಲಿ ಕಟ್ಟಿದ ಗೋದುವಿನ ಜೋಳದ ರೊಟ್ಟಿ, ಇನ್ನೊಂದರಲ್ಲಿ ಬೂದಿಯ ಪೊಟ್ಟಣ.

ಗೋದುವಿಗೆ ಎಳ್ಳು ಆಗುತ್ತಿರಲಿಲ್ಲ. ಹಲ್ಲು ಮೂಡುವ ಕಾಲಕ್ಕೆ ಚೀಪಲು ಕೊಟ್ಟ ಸಜ್ಜೆ ರೊಟ್ಟಿಯ ಅಂಚಿಗೆ ನಾಲ್ಕು ಕಾಳು ಎಳ್ಳು ಅಂಟಿದ್ದವು. ಗಳಿಗೆಯೊಳಗೆ ತುಟಿ ಬಾತು, ಮೈತುಂಬ ಗಾದರಿಯೆದ್ದು, ಉಸಿರು ಸಣ್ಣ ಕೊಳವೆಯೊಳಗಿಂದ ಬಂದಂತೆ ಸಿಳ್ಳಿಟ್ಟಿತು. ವೈದ್ಯರು ಪಿತ್ತವೆಂದರು, ಅತ್ತೆ ದೃಷ್ಟಿಯೆಂದರು. ಎರಡನೆಯ ಸಲ ಎಳ್ಳು ಬಾಯಿಗೆ ಹೋದಾಗ, ದೃಷ್ಟಿ ತೆಗೆದು ಮುಗಿಸುವಷ್ಟರಲ್ಲಿ ಕೂಸು ನೀಲಿಗಟ್ಟಿ, ಹೇಗೋ ಮರಳಿತು. ಮೂರನೆಯ ಸಲ ಸಿಳ್ಳು ಎದ್ದಾಗ ಅಡುಗೆಯಲ್ಲಿ ಎಳ್ಳು ಎಲ್ಲೂ ಇರಲಿಲ್ಲ, ಕುಸುಬಿ ಎಣ್ಣೆಯ ಒಗ್ಗರಣೆಯಷ್ಟೇ ಇತ್ತು. ಮರುದಿನ ಬೆಳಗಾಗುತ್ತಲೇ ಸರಸ್ವತಿಬಾಯಿ ಗಾಣದ ಚಂದಪ್ಪನ ಮುಂದೆ ಹೋಗಿ ನಿಂತಳು.

"ಕುಸುಬಿಕಿಂತ ಮೊದಲ ಗಾಣಕ್ಕ ಏನು ಹಾಕಿದ್ದಿ?"

"ಎಳ್ಳು ಹಾಕಿದ್ನಿರಿ, ಬಾಯಾರ. ಯಾಕ್ರಿ, ಎಣ್ಣಿ ಘಮ್ ಅನ್ನಲಿಲ್ಲೇನು?"

ಅಂದಿನಿಂದ ಎಳ್ಳು ಅರೆದ ಗಾಣದಲ್ಲಿ ಮೂರು ಸಲ ಕುಸುಬಿ ಅರೆದ ಮೇಲಿನ ಎಣ್ಣೆಯೇ ಆಕೆಗೆ ಬೇಕು. ಅದಕ್ಕೂ ಮಡಿಯೇ ಕಾರಣ. "ಎತ್ತಿಗೂ ಜಳಕ ಮಾಡಸ್ಲೇನ್ರಿ ಬಾಯಾರ?" ಎಂದು ಚಂದಪ್ಪ ಕೇಳಿದರೆ, "ನೀ ಮಾಡಿದ್ರ ಸಾಕು" ಎಂದು ಹೇಳಿ ಬರುತ್ತಿದ್ದಳು.

ವಾಮನರಾಯ ಒಮ್ಮೆ ಮೆಲ್ಲಗೆ ಅಂದಿದ್ದ, "ಎಳ್ಳು ಆಗಿಬರಂಗಿಲ್ಲ ಅಂತ ಖರೇನ ಹೇಳಿಬಿಡಬಾರದೇನು?"

"ಹೇಳಿ ನೋಡೀನಿ. ದೇವರಿಗೆ ಏರಿಸೋ ಎಳ್ಳು ಕೂಸಿಗೆ ವಿಷ ಆಗ್ತದೇನು ಅಂತ ನಗ್ತಾರ. ಒಂದ ಕಾಳು ತಿನಿಸಿ ನೋಡೂಣು ಅಂತಾರ. ಮಡಿ ಅಂದ್ರ ಯಾರೂ ನಗಂಗಿಲ್ಲ."

ಹೀಗೆ, ಯಾರೂ ನಂಬದ ಸತ್ಯಕ್ಕೆ ಆಕೆ ಎಲ್ಲರೂ ನಂಬುವ ಸುಳ್ಳನ್ನು ಉಡಿಸಿದಳು. ಗೋದುವಿಗೂ ಅದನ್ನೇ ಕಲಿಸಿದಳು. ಸಾವಿನ ಮಾತು ಕೂಸಿಗೆ ಯಾಕೆ ಎಂದು. ಯಾರಾದರೂ ತಿನ್ನಲು ಏನಾದರೂ ಚಾಚಿದರೆ ಗೋದು ಕೈ ಹಿಂದೆ ಕಟ್ಟಿಕೊಂಡು, ಮುದುಕಿಯ ಗತ್ತಿನಲ್ಲಿ, "ನನಗ ಮಡಿ ಅದ" ಅನ್ನುತ್ತಿತ್ತು. ಐದು ವರ್ಷ ಆ ಸುಳ್ಳು ಕೂಸನ್ನು ಕಾಯಿತು.

ನಿಜ ಗೊತ್ತಿದ್ದದ್ದು ಹಿತ್ತಲ ಗೋಡೆಯಾಚೆಯ ಬಾನುಬಿಗೆ ಮಾತ್ರ. ಮಕ್ಕಳಿಲ್ಲದ ಹೆಣ್ಣು, ಯಾಕೂಬಸಾಬನ ಹೆಂಡತಿ. ಎರಡನೆಯ ಸಲ ಕೂಸು ನೀಲಿಗಟ್ಟಿದಾಗ ಗೋಡೆ ದಾಟಿ ಬಂದು, ಮೈಲಿಗೆ ಮಡಿ ನೋಡದೆ, ಅದನ್ನು ಎದೆಗೊರಗಿಸಿ ಕೂತವಳು ಆಕೆ. ಮರುದಿನವೇ ಮನೆಯಲ್ಲಿದ್ದ ಎಳ್ಳನ್ನೆಲ್ಲ ಕೋಳಿಗೆ ಚೆಲ್ಲಿದಳು. "ಎಳ್ಳು ತಿನ್ನದೇ ಯಾರು ಸತ್ತಾರ ತಗೋರಿ," ಅಂದಳು. ಊರಿಗೆಲ್ಲ ಮಡಿ ಸಾರಿದ ಮನೆಯ ಕೂಸು ಹಿತ್ತಲ ಬಾಗಿಲಿನಿಂದ ಹೋಗಿ ಬಾನುಬಿಯ ಒಲೆಯ ಮುಂದೆ ಕೂತು ಬಿಸಿ ಅನ್ನ ಉಣ್ಣುತ್ತಿತ್ತು. ಬಾನುಬಿ ಮಾತ್ರ ಕೇಳುವ ಮೊದಲೇ ಕೈ ಚಾಚುತ್ತಿದ್ದಳು.

"ಮೂಸ್ರಿ, ಬಾಯಾರ. ನಿಮ್ಮ ಮೂಗಿಗೂ ಒಂದು ನೌಕರಿ ಬೇಕಲ್ಲ."

ನಲವತ್ತೇಳರ ಕೊನೆಗೆ, ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಹೆದರಿಕೆಗೆ, ಆಳಂದದ ಕಡೆಯ ಹಳ್ಳಿಗಳಿಂದ ಜನ ಬಂಡಿ ಕಟ್ಟತೊಡಗಿದರು. ಕುಲಕರ್ಣಿಯವರ ಬಂಡಿ ಹೊರಡುವ ಬೆಳಿಗ್ಗೆ ಬಾನುಬಿ ಒಂದು ಚೀಲ ಜೋಳದ ಹಿಟ್ಟು ತಂದಿಟ್ಟಳು. "ನನ್ನ ಬೀಸುಕಲ್ಲಿಂದು ಐತ್ರಿ, ಅಂಜಬ್ಯಾಡ್ರಿ. ನೀವು ತಿರುಗಿ ಬರೂತನ ಈ ಕೈ ಹಿಂಗ ಇರ್ತಾವ." ಯಾರೂ ತಡೆಯದಿರಲೆಂದು ಯಾಕೂಬಸಾಬ ನಿಜಾಮನ ರಾಜ್ಯದ ಗಡಿಯ ಹಳ್ಳದ ತನಕ ಬಂಡಿಯ ಮುಂದೆ ನಡೆದು ಬಂದ.

ಗಡಿಯಾಚೆ, ಸೊಲ್ಲಾಪುರದ ದಾರಿಯ ಒಂದು ಧರ್ಮಶಾಲೆಯ ಪಡಸಾಲೆಯಲ್ಲಿ ಇಪ್ಪತ್ತು ಸಂಸಾರಗಳು. ಒಂದೇ ಒಲೆ, ಒಂದೇ ಹಂಚು, ಎಲ್ಲರದೂ ಒಂದೇ ಪಂಕ್ತಿ. ಸರಸ್ವತಿಬಾಯಿ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಬೇರೆ ಬೇಯಿಸಿದಳು. ಇಲ್ಲಿಯೂ ಕೈ ಮೂಸಿದಳು. ಊರಲ್ಲಿ ಮರ್ಯಾದೆ ತಂದ ಮಾತು ಇಲ್ಲಿ ಅವಮಾನವಾಗಿ ತಗುಲಿತು. "ಮನಿ ಬಿಟ್ಟೀವಿ, ಹೊಲ ಬಿಟ್ಟೀವಿ. ಈಕಿ ಮಡಿ ಮಾತ್ರ ಗಂಟು ಕಟ್ಕೊಂಡು ಬಂದಾಳ ನೋಡ್ರಿ," ಎಂದು ಹೆಂಗಸರು ಆಕೆಗೆ ಕೇಳುವಂತೆಯೇ ಆಡಿಕೊಂಡರು.

ಅಫಜಲಪುರದ ಕಡೆಯಿಂದ ಬಂದಿದ್ದ ಶಾರದಾಬಾಯಿ ಮಾತ್ರ ಏನೂ ಅನ್ನಲಿಲ್ಲ. ಮುದುಕಿ. ಬರುವ ದಾರಿಯಲ್ಲಿ ಮೊಮ್ಮಗಳು ಜ್ವರದಲ್ಲಿ ಹೋಗಿದ್ದಳು. ಗೋದುವನ್ನು ದೂರದಿಂದ ನೋಡುತ್ತ ಕೂಡುತ್ತಿದ್ದಳು. ಒಂದು ದಿನ ತಡೆಯದೆ ಕೇಳಿದಳು, "ನನ್ನ ಕೈಯಿಂದ ಒಂದು ತುತ್ತು ತಿನಿಸಿದ್ರ ಏನಾಗ್ತದ ನನ್ನವ್ವಾ?"

ನಿಜ ಸರಸ್ವತಿಬಾಯಿಯ ನಾಲಿಗೆಯ ತುದಿಗೆ ಬಂದಿತ್ತು. ಸುತ್ತಲೂ ಹೆಂಗಸರು ಕೈಗೆಲಸ ನಿಲ್ಲಿಸಿ ಉತ್ತರಕ್ಕಾಗಿ ಕಾದಿದ್ದರು. ಯಾರಾದರೂ ಒಂದು ಕಾಳು ತಿನಿಸಿ ನೋಡೂಣು ಅಂದರೆ? "ಮಡಿ ಅದರಿ, ಕಾಕು," ಅಂದಳು.

ಸಂಕ್ರಾಂತಿಯ ದಿನ ಸೊಲ್ಲಾಪುರದ ಯಾರೋ ಪುಣ್ಯವಂತರು ಧರ್ಮಶಾಲೆಗೆಲ್ಲ ಎಳ್ಳುಂಡೆ ಹಂಚಿದರು. ಸರಸ್ವತಿಬಾಯಿ ಮಗಳನ್ನು ಗಂಡನ ಮಗ್ಗುಲಲ್ಲಿ ಕೂರಿಸಿ, ಅಂಗಳದಾಚೆಯ ಬಾವಿಗೆ ಹೋದಳು. ಎರಡು ಕೊಡ ನೀರಿನ ಹೊತ್ತು. ವಾಮನರಾಯ ಊರಿನ ಸುದ್ದಿ ತಂದವರ ಹತ್ತಿರ ಎದ್ದು ಹೋದ. ಶಾರದಾಬಾಯಿ ತನ್ನ ಪಾಲಿನ ಉಂಡೆಯನ್ನು ಸೆರಗಿನಲ್ಲಿ ಉಳಿಸಿಕೊಂಡಿದ್ದಳು.

"ನನಗ ಮಡಿ ಅದ, ಅಜ್ಜಿ," ಅಂದಿತಂತೆ ಗೋದು.

"ಸಂಕಟದಾಗ ಮಡಿ ಇಲ್ಲ ಕೂಸ. ದೇವರು ಎಲ್ಲಾರಿಗೂ ಮಾಫ ಮಾಡ್ಯಾನ."

ಕೂಸು ಹಿಂದೆ ಕಟ್ಟಿದ ಕೈ ಬಿಚ್ಚಿತು. ಅದಕ್ಕೆ ಗೊತ್ತಿದ್ದದ್ದು ಮಡಿಯೊಂದೇ. ಅದಕ್ಕೆ ಈಗ ಮಾಫಿ ಸಿಕ್ಕಿತ್ತು.

ಸರಸ್ವತಿಬಾಯಿ ಎರಡನೆಯ ಕೊಡ ಇಳಿಸುವಾಗ ಆ ಸಿಳ್ಳು ಕೇಳಿದಳು. ಓಡಿ ಬಂದು, "ಎಳ್ಳು ಕೊಟ್ರೇನು?" ಎಂದು ಕೂಗುತ್ತ ಎತ್ತಿಕೊಂಡಾಗ ಇನ್ನೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ಈ ಸಲ ಕೂಸು ಮರಳಲಿಲ್ಲ.

ಶಾರದಾಬಾಯಿ ಗೋಡೆಗೊರಗಿ, "ಎಳ್ಳು ಅಂತ ಒಂದ ಮಾತು ಹೇಳಿದ್ರ ಆಗ್ತಿತ್ತಲ್ಲ ನನ್ನವ್ವಾ," ಎಂದು ಅದನ್ನೇ ಅನ್ನುತ್ತಿದ್ದಳು. ಸರಸ್ವತಿಬಾಯಿ ಆಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆ ಮುದಿಕೈಗಳನ್ನು ಎತ್ತಿ ಮೂಸಿದಳು. ಆಮೇಲೆ ಕೋಟಿನ ಕಿಸೆಯಿಂದ ಬೂದಿ ತೆಗೆದು, ಒಂದೊಂದೇ ಬೆರಳನ್ನು ತಿಕ್ಕಿ ತೊಳೆದಳು.

ನಲವತ್ತೆಂಟರ ಸೆಪ್ಟೆಂಬರದಲ್ಲಿ ನಿಜಾಮನ ರಾಜ್ಯ ಮುಗಿದು, ಓಡಿಹೋದವರು ತಿರುಗಿ ಬಂದರು. ಸರಸಂಬಾದಲ್ಲಿ ಅಷ್ಟರೊಳಗೆ ಹೆದರಿಕೆ ಮನೆ ಬದಲಿಸಿ ಮುಸಲ್ಮಾನರ ಮನೆಗಳನ್ನು ಹೊಕ್ಕಿತ್ತು. ಜೇವರ್ಗಿ ತಾಲೂಕಿನ ಇಜೇರಿಗೆ, ತಂಗಿಯ ಮನೆಗೆಂದು ಹೋದ ಯಾಕೂಬಸಾಬ ಮರಳಿರಲಿಲ್ಲ. ಯಾವ ದಾರಿಯಲ್ಲಿ ಏನಾಯಿತೆಂದು ಹೇಳುವವರೂ ಇರಲಿಲ್ಲ. ಬಾನುಬಿ ಹಿತ್ತಲಲ್ಲಿ ಒಬ್ಬಳೇ ಕೂತಿದ್ದಳು. ಗೋಡೆಯಾಚೆ ಕರಿ ಕೋಟು ಕಂಡು ಎದ್ದು ಬಂದು, ರೂಢಿಯಂತೆ ಎರಡೂ ಕೈ ಚಾಚಿದಳು. ಆಕೆಯ ಕಣ್ಣು ಸರಸ್ವತಿಬಾಯಿಯ ಎಡಸೊಂಟಕ್ಕೆ ಹೋಯಿತು, ಹಿಂದಿನ ಬಾಗಿಲಿಗೆ ಹೋಯಿತು, ಬರಿದೇ ತಿರುಗಿ ಬಂತು. ಕೈ ಹಿಂದೆಗೆಯಲು ಹೋದಳು. ಸರಸ್ವತಿಬಾಯಿ ಬಿಡಲಿಲ್ಲ. ಹಿಡಿದು ಮೂಸಿದಳು, ಬೂದಿಯ ವಾಸನೆಯಷ್ಟೇ ಇತ್ತು.

"ಇನ್ನೂ ಎಳ್ಳು ಮುಟ್ಟಿಲ್ಲ?"

"ಮಾತು ಕೊಟ್ಟಿದ್ನಲ್ಲ, ಬಾಯಾರ."

ಅಂದು ಸರಸ್ವತಿಬಾಯಿ ಸುತ್ತುಹಾಕಿ ಬೀದಿಗೆ ಬಂದು, ಊರೆಲ್ಲ ನೋಡುತ್ತಿರುವಂತೆ ಮುಂಬಾಗಿಲಿನಿಂದ ಬಾನುಬಿಯ ಮನೆಯೊಳಗೆ ಹೋಗಿ, ಅವಳ ಒಲೆಯ ಮುಂದೆ ಕೂತು ಉಂಡಳು. ಮಡಿಯೆಂಬ ಮಾತನ್ನು ಮತ್ತೆ ಆಡಲಿಲ್ಲ. ಚಿಕ್ಕ ಮಕ್ಕಳಿದ್ದ ಮನೆಗಳಲ್ಲಿ, ಕೇಳದೆಯೇ, "ನನ್ನ ಮಗಳು ಎಳ್ಳು ತಿಂದು ಸತ್ತಳ್ರಿ" ಅನ್ನುತ್ತಿದ್ದಳು. ಕೆಲವರು ಈಗಲೂ ನಂಬಲಿಲ್ಲ.

ಒಂದು ಜೀವವನ್ನು ಒಬ್ಬರೇ ಕಾಯಬೇಕಾಗಿ ಬಂದವರು ಲೋಕವನ್ನು ತಿದ್ದುವಷ್ಟು ಹೊತ್ತು ಕಾಯಲಾರರು. ಲೋಕ ಯಾವುದಕ್ಕೆ ತಲೆಬಾಗುತ್ತದೋ ಅದನ್ನೇ ಕಿತ್ತು ತಂದು ಬೇಲಿ ಹಾಕುತ್ತಾರೆ. ಹೊರಗಿನವರಿಗೆ ಬೇಲಿಯ ಜಂಬವಷ್ಟೇ ಕಾಣುತ್ತದೆ. ಅದನ್ನು ಒಂದು ದಿನ ಮುರಿಯುವವರು ವೈರಿಗಳಾಗಿರುವುದಿಲ್ಲ, ಒಳಗಿನ ಕೂಸನ್ನು ಕಂಡು ತಡೆಯಲಾರದೆ ಬಂದವರೇ ಆಗಿರುತ್ತಾರೆ. ಆಮೇಲೆ ಬೇಲಿ ಹಾಕಿದವರಿಗೆ ಹೋಗಿ ಕೂರಲು ಊರಲ್ಲಿ ಉಳಿಯುವುದು, ಎಂದೋ ನಿಜ ಹೇಳಿಟ್ಟಿದ್ದ ಒಂದು ಮನೆ ಮಾತ್ರ.